ಹಳೆಯ ಬಣ್ಣಗಳ ಅಸಹ್ಯ ಹೆಸರುಗಳು, ಹಳೆಯ ಕಾಲದ ವಿಚಿತ್ರ ಸಾಮಾನುಗಳು: ನಿಮಗೆ ಗೊತ್ತಿರುವುದನ್ನು ಹಾಕಿ

ಬಣ್ಣದಪೆಟ್ಟಿಗೆ

ಗೆಳೆಯರೇ, ಈಗಿನ ಯಾವುದಾದರೂ ಪೇಂಟ್ ಶೇಡ್ ಕಾರ್ಡ್ ತೆಗೆದುಕೊಳ್ಳಿ. ಬಣ್ಣದ ಚೌಕಗಳನ್ನು ಬೆರಳಿನಿಂದ ಮುಚ್ಚಿ, ಹೆಸರುಗಳನ್ನು ಮಾತ್ರ ಓದಿ. ಬೆಳಗಿನ ಪಿಸುಮಾತು, ಶಾಂತ ಸರೋವರ, ಮೊದಲ ಮುತ್ತು, ಹೀಗೇ ಇರುತ್ತವೆ. ಇದರಲ್ಲಿ ನೀಲಿ ಯಾವುದು, ಬೂದು ಯಾವುದು, ಗುಲಾಬಿ ಯಾವುದು? ಹೇಳುವುದು ಕಷ್ಟ ಅಲ್ವಾ?

ಈಗ ಇದನ್ನು ಓದಿ: ಹೆಬ್ಬಾತಿನ ಹಿಕ್ಕೆಯ ಹಸಿರು. ಓದಿದ ಕೂಡಲೇ ಮುಖ ಸಿಂಡರಿಸುತ್ತದೆ, ನಿಜ. ಆದರೆ ಬಣ್ಣವೂ ಕಣ್ಣ ಮುಂದೆ ಬಂದುಬಿಡುತ್ತದೆ. ಸ್ವಲ್ಪ ಹಳದಿ, ಸ್ವಲ್ಪ ಕಂದು ಕಲೆತ, ಹೊಳಪಿಲ್ಲದ ಹಸಿರು. ಇದು ನಾನು ಕಟ್ಟಿದ ಹೆಸರಲ್ಲ. 16ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಬಟ್ಟೆಗಳಿಗೆ ಇದ್ದ ಹೆಸರು. ಆಗಿನ ಜನರ ಉಡುಗೆ ತೊಡುಗೆ ಬಗ್ಗೆ ಬರೆದ ವಿಲಿಯಂ ಹ್ಯಾರಿಸನ್ ಎಂಬ ಪಾದ್ರಿ ಇದನ್ನು ಬರೆದಿಟ್ಟಿದ್ದಾನೆ. ಅದೇ ಸಾಲಿನಲ್ಲಿ ಬಟಾಣಿ ಗಂಜಿಯ ಕಂದು, ಗಿಳಿ ನೀಲಿ ಕೂಡ ಬರುತ್ತವೆ. ಫ್ರೆಂಚರಲ್ಲಿ 'ಸತ್ತ ಎಲೆ' ಎಂಬ ಬಣ್ಣ ಎಷ್ಟು ಬಳಕೆಯಲ್ಲಿತ್ತು ಎಂದರೆ ಇಂಗ್ಲಿಷಿನವರೂ ಅದನ್ನೇ ತಿರುಚಿಕೊಂಡು ಬಳಸಿದರು.

ನನಗೆ ಅನ್ನಿಸುವುದು ಇಷ್ಟು. ಚೆಂದದ ಹೆಸರು ಬಣ್ಣವನ್ನು ಮಾರುತ್ತದೆ, ಅಸಹ್ಯದ ಹೆಸರು ಬಣ್ಣವನ್ನು ತೋರಿಸುತ್ತದೆ. ಹಳೆಯವರಿಗೆ ಅಭಿರುಚಿ ಇರಲಿಲ್ಲ ಎಂದು ನಗುವವರು ಜಾಸ್ತಿ. ನನಗೆ ಆ ಹೆಸರುಗಳ ಮೇಲೆ ತುಂಬಾ ಗೌರವ ಇದೆ.

ನಿಮಗೆ ಗೊತ್ತಿರುವ ಹೆಸರುಗಳನ್ನು ಹಾಕಿ. ಈಗ ಯಾರೂ ಮುಟ್ಟದ ಹಳೇ ಡಿಸೈನ್, ವಿಚಿತ್ರ ಸಾಮಾನುಗಳ ಬಗ್ಗೆಯೂ ಬರೆಯಿರಿ. ನನ್ನ ಮಾತು ಒಪ್ಪದಿದ್ದರೆ ಅದನ್ನೂ ಹೇಳಿ.

ದಾರದುಂಡೆ

ಬಟ್ಟೆಯ ಇತಿಹಾಸ ಓದುವವಳು ನಾನು. ಈ ವಿಷಯ ಬಂದ ಮೇಲೆ ಸುಮ್ನೆ ಇರಲು ಆಗುವುದಿಲ್ಲ!

ಈ ಬಗೆಯ ಹೆಸರುಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಚಿಗಟದ ಬಣ್ಣ. ಫ್ರೆಂಚಿನಲ್ಲಿ ಪ್ಯೂಸ್. 1775ರ ಬೇಸಿಗೆಯಲ್ಲಿ ರಾಣಿ ಮಾರಿ ಆಂತ್ವನೆತ್ ಕೆಂಪು ಬೆರೆತ ಕಂದು ಬಣ್ಣದ ರೇಷ್ಮೆ ಉಡುಪು ಹಾಕಿಕೊಂಡು ಬಂದಳು. 16ನೇ ಲೂಯಿ ಅದನ್ನು ನೋಡಿ 'ಇದು ಚಿಗಟದ ಬಣ್ಣ' ಎಂದ. ರಾಜ ಹೇಳಿದ ಮೇಲೆ ಕೇಳಬೇಕೇ? ಆಸ್ಥಾನದವರೆಲ್ಲ ಚಿಗಟದ ಬಣ್ಣವೇ ಬೇಕು ಎಂದು ಹಟ ಹಿಡಿದರು. ಬಟ್ಟೆಗೆ ಬಣ್ಣ ಹಾಕುವವರು ಅದರಲ್ಲೇ ಛಾಯೆಗಳನ್ನು ಬೇರೆ ಮಾಡಿದರು. ಚಿಗಟದ ಹೊಟ್ಟೆ, ಚಿಗಟದ ಬೆನ್ನು, ಚಿಗಟದ ತೊಡೆ, ಮುದಿ ಚಿಗಟ, ಎಳೆ ಚಿಗಟ. ಆ ಕಾಲದ ಬ್ಯಾರನೆಸ್ ಓಬರ್ಕಿರ್ಶ್ ತನ್ನ ನೆನಪುಗಳಲ್ಲಿ ಇದನ್ನೆಲ್ಲ ಬರೆದಿದ್ದಾಳೆ.

ಈ ಬಣ್ಣ ಆಸ್ಥಾನದಲ್ಲಷ್ಟೇ ನಿಲ್ಲಲಿಲ್ಲ. ಮಧ್ಯಮ ವರ್ಗದವರೂ ಹಿಡಿದುಕೊಂಡರು. ಕಾರಣ ಸರಳ. ತಿಳಿ ಬಣ್ಣದ ಉಡುಪು ಬೇಗ ಕೊಳೆಯಾಗಿ ಕಾಣುತ್ತದೆ. ಚಿಗಟದ ಬಣ್ಣದಲ್ಲಿ ಕೊಳೆ ಗೊತ್ತಾಗುವುದಿಲ್ಲ. ಖರ್ಚು ಕಡಿಮೆ. ಒಂದು ಬಣ್ಣ ಯಾಕೆ ಗೆದ್ದಿತು ಎಂದು ಕೇಳಿದರೆ ರಾಜನ ಮಾತು ಒಂದು ಕಾರಣ, ಒಗೆಯುವ ಕಷ್ಟ ಇನ್ನೊಂದು ಕಾರಣ. ಎರಡನೆಯದನ್ನು ಯಾರೂ ಬರೆಯುವುದಿಲ್ಲ.

ಕೆಲವೇ ತಿಂಗಳಲ್ಲಿ ಚಿಗಟ ಹಳತಾಯಿತು. ಆಮೇಲೆ ಬಂದದ್ದು 'ರಾಣಿಯ ಕೂದಲು' ಎಂಬ ಹೊಂಬಣ್ಣ. ಛಾಯೆ ಸರಿಯಾಗಿ ಹೊಂದಬೇಕೆಂದು ರಾಣಿಯ ಕೂದಲಿನ ಎಳೆಗಳನ್ನೇ ನೇಯುವವರಿಗೆ ಕಳಿಸಿದ್ದರಂತೆ.

1781ರ ಅಕ್ಟೋಬರಿನಲ್ಲಿ ಯುವರಾಜ ಹುಟ್ಟಿದ. ದೇಶವೆಲ್ಲ ಸಂಭ್ರಮ. ಆಗ ಪ್ಯಾರಿಸಿನಲ್ಲಿ ಫ್ಯಾಷನ್ ಆದ ಬಣ್ಣ 'ಕಾಕಾ ದೋಫಾಂ'. ನೇರವಾಗಿ ಹೇಳಬೇಕೆಂದರೆ 'ಯುವರಾಜನ ಕಕ್ಕ'. ಹೌದು, ಹೆಂಗಸರು ಇಷ್ಟಪಟ್ಟು ಆ ಬಣ್ಣದ ಉಡುಪು ಹೊಲಿಸಿಕೊಂಡರು.

ಸುಮ್ನೆಓದುಗ

ಒಂದು ಸಂದೇಹ. ಇವೆಲ್ಲ ನಿಜವಾಗಿ ಜನ ಬಳಸಿದ ಹೆಸರುಗಳೇ? ಅಥವಾ ಶ್ರೀಮಂತರನ್ನು ಅಣಕಿಸಲು ಯಾರೋ ಕಟ್ಟಿದ್ದೇ?

ಕುಂಚ

@ಸುಮ್ನೆಓದುಗ ಒಳ್ಳೆಯ ಪ್ರಶ್ನೆ. ಎರಡೂ ಇವೆ. ಬಿಡಿಸಿ ನೋಡಬೇಕು.

ಹ್ಯಾರಿಸನ್ ಆ ಪಟ್ಟಿ ಕೊಡುವುದು ಮೆಚ್ಚಿಕೊಂಡಲ್ಲ. ಜನ ಬಟ್ಟೆಯ ಹುಚ್ಚಿಗೆ ಬಿದ್ದಿದ್ದಾರೆ, ಹೊಸ ಹೊಸ ಬಣ್ಣ ಹುಟ್ಟಿಸುತ್ತಿದ್ದಾರೆ ಎಂದು ಬೈಯುತ್ತಾ ಕೊಡುತ್ತಾನೆ. ಫ್ರಾನ್ಸಿನಲ್ಲಿ ಅಗ್ರಿಪ್ಪಾ ದೋಬಿನ್ಯೆ ಎಂಬ ಕವಿ 1617ರಲ್ಲಿ ಇನ್ನೂ ಉದ್ದದ ಪಟ್ಟಿ ಕೊಟ್ಟ. ಅದರಲ್ಲಿ ಸಾಯುತ್ತಿರುವ ಕೋತಿ, ಕಾಯಿಲೆ ಬಿದ್ದ ಸ್ಪೇನಿನವ, ಖುಷಿಯಾದ ವಿಧವೆ, ಕಳೆದುಹೋದ ಕಾಲ, ಮಹಾಪಾಪ ಎಂಬ ಬಣ್ಣಗಳೆಲ್ಲ ಇವೆ. ಅದು ವಿಡಂಬನೆ. ಎಷ್ಟನ್ನು ಅಂಗಡಿಯಲ್ಲಿ ಕೇಳಿ ಕೊಂಡರು, ಎಷ್ಟನ್ನು ಅವನೇ ಸೇರಿಸಿದ ಎಂದು ಬೇರೆ ಮಾಡುವುದು ಕಷ್ಟ.

ಚಿಗಟದ ವಿಷಯ ಹಾಗಲ್ಲ. ಆ ಹೆಸರು ಇವತ್ತಿಗೂ ಬಳಕೆಯಲ್ಲಿದೆ. ನಿಘಂಟಿನಲ್ಲಿದೆ, ಬಟ್ಟೆಯ ಕ್ಯಾಟಲಾಗಿನಲ್ಲಿದೆ. ಹೆಬ್ಬಾತಿನ ಹಿಕ್ಕೆ ಇಂಗ್ಲೆಂಡಿನಲ್ಲೂ ಫ್ರಾನ್ಸಿನಲ್ಲೂ ಸಿಗುತ್ತದೆ. ಎರಡು ಕಡೆ ಸಿಕ್ಕರೆ ಬರೀ ಅಣಕ ಎನ್ನಲಾಗದು.

@ಬಣ್ಣದಪೆಟ್ಟಿಗೆ ನಿಮ್ಮ ವಾದಕ್ಕೆ ನನ್ನದೊಂದು ಆಕ್ಷೇಪ ಇದೆ. ಸ್ವಲ್ಪ ಉದ್ದ. ಆಮೇಲೆ ಬರೆಯುತ್ತೇನೆ.

ಹಕ್ಕಿನೋಟ

ಹಕ್ಕಿ ನೋಡುವವರಿಗೆ ಬಣ್ಣದ ಹೆಸರು ಅಲಂಕಾರ ಅಲ್ಲ, ಕೆಲಸದ ಸಾಮಾನು. ಅದಕ್ಕೇ ಈ ಚರ್ಚೆಗೆ ಒಂದು ದೊಡ್ಡ ಉದಾಹರಣೆ ಕೊಡುತ್ತೇನೆ.

ಜರ್ಮನಿಯ ಖನಿಜ ವಿಜ್ಞಾನಿ ಅಬ್ರಹಾಂ ಗಾಟ್ಲೋಬ್ ವೆರ್ನರ್ ಕಲ್ಲುಗಳನ್ನು ಗುರುತಿಸಲು ಬಣ್ಣಗಳ ಒಂದು ಕ್ರಮ ಮಾಡಿದ್ದ. ಎಡಿನ್‌ಬರೋದ ಚಿತ್ರಕಾರ ಪ್ಯಾಟ್ರಿಕ್ ಸೈಮ್ ಅದನ್ನು ಬೆಳೆಸಿ 1814ರಲ್ಲಿ ಪುಸ್ತಕವಾಗಿ ತಂದ. 1821ರ ಆವೃತ್ತಿಯಲ್ಲಿ 110 ಬಣ್ಣಗಳಿವೆ. ಪ್ರತಿ ಬಣ್ಣಕ್ಕೂ ಒಂದು ಚಿಕ್ಕ ಮಾದರಿ. ಅದರ ಪಕ್ಕದಲ್ಲಿ ಆ ಬಣ್ಣ ಯಾವ ಪ್ರಾಣಿಯಲ್ಲಿ, ಯಾವ ಗಿಡದಲ್ಲಿ, ಯಾವ ಖನಿಜದಲ್ಲಿ ಕಾಣುತ್ತದೆ ಎಂಬ ವಿವರ. ಪ್ರಷ್ಯನ್ ನೀಲಿ ಎಂದರೆ ಗಂಡು ಮಲ್ಲಾರ್ಡ್ ಬಾತುಕೋಳಿಯ ರೆಕ್ಕೆಯ ಮೇಲಿನ ಹೊಳೆಯುವ ಪಟ್ಟಿ. ನೋಡಿದವರು ಮರೆಯುವುದಿಲ್ಲ.

ಹೆಸರುಗಳನ್ನು ನೋಡಿ: ಕೆನೆ ತೆಗೆದ ಹಾಲಿನ ಬಿಳಿ, ಪಿತ್ತಕಲ್ಲಿನ ಹಳದಿ, ಪಿತ್ತಜನಕಾಂಗದ ಕಂದು, ಕೂದಲಿನ ಕಂದು, ಬ್ರೊಕೊಲಿ ಕಂದು. ರಕ್ತದಲ್ಲೂ ಎರಡು ಕೆಂಪು, ಅಪಧಮನಿಯ ರಕ್ತ ಬೇರೆ, ಅಭಿಧಮನಿಯ ರಕ್ತ ಬೇರೆ. ಇದರಲ್ಲಿ ಒಂದನ್ನೂ ಗೋಡೆಗೆ ಹಚ್ಚಿಸಿಕೊಳ್ಳಲು ಯಾರಿಗೂ ಮನಸ್ಸಾಗದು. ಆದರೆ ಚಾರ್ಲ್ಸ್ ಡಾರ್ವಿನ್ ಬೀಗಲ್ ಹಡಗಿನಲ್ಲಿ ಹೊರಟಾಗ ಜೊತೆಗೆ ಒಯ್ದದ್ದು ಇದೇ ಪುಸ್ತಕವನ್ನು. ಕ್ಯಾಮೆರಾ ಇರಲಿಲ್ಲ. ಮದ್ಯಸಾರದಲ್ಲಿ ಹಾಕಿದ ಜೀವಿಗಳ ಬಣ್ಣ ಹೊರಟುಹೋಗುತ್ತಿತ್ತು. ಬಣ್ಣ ಉಳಿಯಬೇಕಾದರೆ ಮಾತಿನಲ್ಲೇ ಉಳಿಯಬೇಕಿತ್ತು. ಮನೆಯಲ್ಲಿ ಕೂತು ಆ ಟಿಪ್ಪಣಿ ಓದುವವನಿಗೂ ಅದೇ ಬಣ್ಣ ಕಾಣಬೇಕಿತ್ತು. ಅಲ್ಲಿ 'ಶಾಂತ ಸರೋವರ' ಇಟ್ಟುಕೊಂಡು ಏನು ಮಾಡುವುದು?

ಅಮೆರಿಕದ ಪಕ್ಷಿತಜ್ಞ ರಾಬರ್ಟ್ ರಿಡ್ಜ್‌ವೇ 1912ರಲ್ಲಿ ಇದೇ ಕೆಲಸವನ್ನು 1,115 ಬಣ್ಣಗಳಿಗೆ ಮಾಡಿದ. ಒಂದೊಂದಕ್ಕೂ ಹೆಸರು, ಒಂದೊಂದಕ್ಕೂ ಮಾದರಿ. ಆ ತಾಳ್ಮೆಗೆ ನಾನು ಕೈಮುಗಿಯುತ್ತೇನೆ.

ಇನ್ನೊಂದು, ಇಸಬೆಲ್ಲಾ ಬಣ್ಣ. ಕೊಳೆಯಾದ ಬಿಳಿ, ತಿಳಿ ಹಳದಿ ಬೆರೆತ ಬೂದು. ಇಸಬೆಲ್ಲೈನ್ ವೀಟಿಯರ್ ಎಂಬ ಹಕ್ಕಿ ಇದೆ. ಹಿಮಾಲಯದ ಕಂದು ಕರಡಿಯ ವೈಜ್ಞಾನಿಕ ಹೆಸರಿನಲ್ಲೂ ಇದೇ ಪದ ಇದೆ. ಇದಕ್ಕೆ ಅಂಟಿಕೊಂಡ ಕಥೆ ಭಯಂಕರ. ಈಗಿನ ಬೆಲ್ಜಿಯಂನ ಆಸ್ಟೆಂಡ್ ಊರಿಗೆ ಸ್ಪೇನಿನವರು ಹಾಕಿದ ಮುತ್ತಿಗೆ 1601ರಿಂದ 1604ರವರೆಗೆ ನಡೆಯಿತು. ಊರು ಗೆಲ್ಲುವವರೆಗೆ ಒಳ ಅಂಗಿ ಬದಲಿಸುವುದಿಲ್ಲ ಎಂದು ಸ್ಪೇನಿನ ರಾಜಕುಮಾರಿ ಇಸಬೆಲ್ಲಾ ಶಪಥ ಮಾಡಿದಳಂತೆ. ಮೂರು ವರ್ಷದ ಮೇಲೆ ಆ ಅಂಗಿಯ ಬಣ್ಣವೇ ಇಸಬೆಲ್ಲಾ ಆಯಿತಂತೆ. ಕಥೆ ಸುಳ್ಳು. ಇಂಗ್ಲೆಂಡಿನ ಮೊದಲನೇ ಎಲಿಜಬೆತ್ ರಾಣಿಯ 1600ರ ಬಟ್ಟೆಗಳ ಪಟ್ಟಿಯಲ್ಲೇ 'ಇಸಬೆಲ್ಲಾ ಬಣ್ಣದ ಸ್ಯಾಟಿನ್' ಉಡುಪು ದಾಖಲಾಗಿದೆ. ಮುತ್ತಿಗೆ ಶುರುವಾಗಿಯೇ ಇರಲಿಲ್ಲ.

ಗಾಜಿನಚೂರು

ಹಳೇ ಗಾಜು, ಪಿಂಗಾಣಿ ಸಂಗ್ರಹಿಸುವ ನಮ್ಮಂಥವರಲ್ಲಿ ಇಂಥ ಹೆಸರುಗಳು ದಿನಬಳಕೆಯವು.

ವ್ಯಾಸಲೀನ್ ಗಾಜು ಕೇಳಿದ್ದೀರಾ? ಹಸಿರು ಮಿಶ್ರಿತ ಹಳದಿ, ಒಂಥರಾ ಎಣ್ಣೆ ಎಣ್ಣೆಯಾಗಿ ಕಾಣುತ್ತದೆ. ಮುಲಾಮಿನ ಡಬ್ಬಿ ತೆರೆದು ನೋಡಿದ ಹಾಗೆಯೇ, ಅದಕ್ಕೇ ಆ ಹೆಸರು. ಆ ಬಣ್ಣ ಬರುವುದು ಯುರೇನಿಯಂನಿಂದ. ಗಾಜು ಕರಗಿಸುವಾಗ ಸ್ವಲ್ಪ ಯುರೇನಿಯಂ ಆಕ್ಸೈಡ್ ಸೇರಿಸುತ್ತಿದ್ದರು. ಕತ್ತಲಲ್ಲಿ ಅತಿನೇರಳೆ ದೀಪ ಹಿಡಿದರೆ ಎಲೆಹಸಿರಾಗಿ ಉರಿಯುವಂತೆ ಹೊಳೆಯುತ್ತದೆ. ನಾವು ಅಸಲಿ ಹುಡುಕುವುದೇ ಹಾಗೆ. ಹೆಸರು ಮುಲಾಮಿನದು, ವಸ್ತು ಮಾತ್ರ ಅಪ್ಸರೆ.

ಅಮೆರಿಕದ ಫಿಯೆಸ್ಟಾ ಪಾತ್ರೆಗಳ ಕಥೆಯೂ ಇದೇ. 1936ರಲ್ಲಿ ಬಂದ ಆ ತಟ್ಟೆ ಬಟ್ಟಲುಗಳ 'ಕೆಂಪು', ಅಂದರೆ ಕಿತ್ತಳೆ ಕೆಂಪು, ಯುರೇನಿಯಂ ಮೆರುಗಿನದು. 1943ರಲ್ಲಿ ಆ ಬಣ್ಣ ನಿಂತುಹೋಯಿತು. ಅಣುಬಾಂಬಿನ ಯೋಜನೆಗಾಗಿ ಸರ್ಕಾರ ಯುರೇನಿಯಂ ಅನ್ನು ತನ್ನ ವಶಕ್ಕೆ ತೆಗೆದುಕೊಂಡಿತ್ತು. 1959ರಲ್ಲಿ ಮತ್ತೆ ಬಂದು 1972ರವರೆಗೆ ಇತ್ತು. ಊಟದ ತಟ್ಟೆಯ ಬಣ್ಣವೊಂದು ಯುದ್ಧದಿಂದ ನಿಂತದ್ದು!

ಚೀನಾದ ಪಿಂಗಾಣಿಯಲ್ಲಿ 'ಕತ್ತೆಯ ಪಿತ್ತಜನಕಾಂಗ, ಕುದುರೆಯ ಶ್ವಾಸಕೋಶ' ಎಂಬ ಮೆರುಗು ಇದೆ. ನೇರಳೆ, ಕೆಂಪು, ನೀಲಿ ಒಂದರೊಳಗೊಂದು ಹರಿದು ಕಲೆತ ಮೆರುಗು. ಹೆಸರು ಕೇಳಿ ಹಿಂದೆ ಸರಿದವರು ವಸ್ತು ನೋಡಿದರೆ ಮುಂದೆ ಬರುತ್ತಾರೆ.

ಕುಂಚ

ಸರಿ, ನನ್ನ ಆಕ್ಷೇಪ.

ಅಸಹ್ಯದ ಹೆಸರು ಬಣ್ಣವನ್ನು ತೋರಿಸುತ್ತದೆ ಎಂದಿರಿ. ಆದರೆ ತೋರಿಸಿದರೂ ಜನ ನೋಡಲಿಲ್ಲ ಎಂಬುದಕ್ಕೆ ಸಾಕ್ಷಿ 'ಮಮ್ಮಿ ಬ್ರೌನ್'. ಈಜಿಪ್ಟಿನ ಮಮ್ಮಿಗಳನ್ನು, ಅಂದರೆ ನಿಜವಾದ ಹೆಣಗಳನ್ನು, ಪುಡಿ ಮಾಡಿ ಎಣ್ಣೆಯಲ್ಲಿ ಅರೆದ ಕಂದು ಬಣ್ಣ. ಪಾರದರ್ಶಕ, ನೆರಳು ಬರೆಯಲು ಚೆನ್ನಾಗಿತ್ತು. 19ನೇ ಶತಮಾನದ ಎಷ್ಟೋ ಚಿತ್ರಕಾರರು ಬಳಸಿದರು. ಹೆಸರಿನಲ್ಲೇ ಎಲ್ಲ ಇದೆ. ಆದರೂ ಇಂಗ್ಲಿಷ್ ಚಿತ್ರಕಾರ ಎಡ್ವರ್ಡ್ ಬರ್ನ್-ಜೋನ್ಸ್ ಅದು ಬರೀ ಬಣ್ಣಕ್ಕೆ ಇಟ್ಟ ಹೆಸರು ಎಂದುಕೊಂಡಿದ್ದ. 1881ರಲ್ಲಿ ಗೆಳೆಯ ಚಿತ್ರಕಾರ ಆಲ್ಮಾ-ಟಡೆಮಾ ನಿಜ ಹೇಳಿದ. ಬರ್ನ್-ಜೋನ್ಸ್ ತಕ್ಷಣ ತನ್ನಲ್ಲಿದ್ದ ಟ್ಯೂಬ್ ತಂದು, ತೋಟದಲ್ಲಿ ಗುಂಡಿ ತೋಡಿಸಿ, ಶವಸಂಸ್ಕಾರ ಮಾಡಿದಂತೆ ಹೂತ. ಲಂಡನ್ನಿನ ರಾಬರ್ಸನ್ ಎಂಬ ಬಣ್ಣದ ಕಂಪನಿ ತನ್ನಲ್ಲಿ ಮಮ್ಮಿ ಮುಗಿಯಿತು ಎಂದು ಹೇಳಿದ್ದು 1964ರಲ್ಲಿ. ಅಷ್ಟು ಇತ್ತೀಚೆಗೆ!

ಇದಕ್ಕೆ ತದ್ವಿರುದ್ಧ ಹಸಿರಿನ ಕಥೆ. 1775ರಲ್ಲಿ ಸ್ವೀಡನ್ನಿನ ಕಾರ್ಲ್ ವಿಲ್ಹೆಲ್ಮ್ ಶೀಲೆ ತಾಮ್ರ ಮತ್ತು ಆರ್ಸೆನಿಕ್ ಸೇರಿಸಿ ಒಂದು ಹಸಿರು ಮಾಡಿದ. 1814ರಲ್ಲಿ ಅದಕ್ಕಿಂತ ಗಾಢವಾದ ಇನ್ನೊಂದು ಬಂತು. ಅದಕ್ಕೆ ಇಟ್ಟ ಹೆಸರು 'ಪಚ್ಚೆ ಹಸಿರು'. ರತ್ನದ ಹೆಸರು! ಗೋಡೆ ಕಾಗದ, ಉಡುಪು, ಟೋಪಿಯ ಮೇಲಿನ ಕಾಗದದ ಹೂವು, ಎಲ್ಲೆಲ್ಲೂ ಅದೇ. 1861ರಲ್ಲಿ ಲಂಡನ್ನಿನಲ್ಲಿ ಕೃತಕ ಹೂವು ಮಾಡುತ್ತಿದ್ದ ಮಟಿಲ್ಡಾ ಶೂರರ್ ಎಂಬ 19 ವರ್ಷದ ಹುಡುಗಿ ಸತ್ತಳು. ದಿನವೂ ಆ ಹಸಿರು ಪುಡಿಯನ್ನು ಎಲೆಗಳ ಮೇಲೆ ಉದುರಿಸುವುದು ಅವಳ ಕೆಲಸ. ಸಾಯುವ ಹೊತ್ತಿಗೆ ಅವಳ ಕಣ್ಣಿನ ಬಿಳಿ ಭಾಗವೇ ಹಸಿರಾಗಿತ್ತು. 1860ರ ದಶಕದ ಕೊನೆಗೆ ಅಮೆರಿಕದ ರೈತರು ಆಲೂಗಡ್ಡೆ ಗಿಡದ ಹುಳ ಸಾಯಿಸಲು ಅದೇ ಪುಡಿ ಎರಚಿದರು. ಆಗ ಅದರ ಹೆಸರು 'ಪ್ಯಾರಿಸ್ ಗ್ರೀನ್'. ಒಂದೇ ವಿಷ, ಚಿತ್ರಕಾರನಿಗೆ ರತ್ನ, ರೈತನಿಗೆ ಕೀಟನಾಶಕ.

ಹಾಗಾಗಿ ನನ್ನ ಮಾತು: ಕೆಟ್ಟ ಹೆಸರು ಎಂಬ ಒಂದೇ ಕಾರಣಕ್ಕೆ ಅದು ನಿಜ ತೋರಿಸುವುದಿಲ್ಲ. ಕೇಳುವವನಿಗೆ ಆ ವಸ್ತು ಗೊತ್ತಿರಬೇಕು. ಚಿಗಟವನ್ನು ಎಲ್ಲರೂ ನೋಡಿದ್ದರು. ಪುಡಿ ಮಾಡಿದ ಮಮ್ಮಿಯನ್ನು ನೋಡಿದವರು ಯಾರು?

ಬಣ್ಣದಪೆಟ್ಟಿಗೆ

@ಕುಂಚ ಈ ಮಾತು ಬಹಳ ಮುಖ್ಯ. ಇದನ್ನು ಸೇರಿಸಿಕೊಂಡರೆ ನನ್ನ ವಾದ ಇನ್ನೂ ಗಟ್ಟಿಯಾಗುತ್ತದೆ. ಹೇಳುವವನೂ ಕೇಳುವವನೂ ಇಬ್ಬರೂ ಕಂಡ ವಸ್ತು ಬೇಕು. ಅದು ಸುಂದರವೋ ಅಸಹ್ಯವೋ, ಆಮೇಲಿನ ಮಾತು. ಆದರೆ ಎಲ್ಲರೂ ಕಂಡ ವಸ್ತುಗಳಲ್ಲಿ ಚಿಗಟ, ಹಿಕ್ಕೆ, ಗಂಜಿ, ಕೆಸರು ಇಂಥವೇ ಜಾಸ್ತಿ. ಕಂದು, ಬೂದು, ಮಬ್ಬು ಹಸಿರುಗಳಿಗೆ ಹೆಸರು ಹುಡುಕಿದರೆ ಅಲ್ಲಿಗೇ ಬಂದು ನಿಲ್ಲುತ್ತೇವೆ.

ಒಂದು ಬಣ್ಣವನ್ನು ಬೇಕೆಂದೇ ಅಸಹ್ಯ ಎಂದು ಆರಿಸಿದ ಪ್ರಸಂಗವೂ ಇದೆ. ಆಸ್ಟ್ರೇಲಿಯಾ ಸರ್ಕಾರ 2012ರಲ್ಲಿ ಎಲ್ಲ ಸಿಗರೇಟ್ ಪ್ಯಾಕುಗಳೂ ಒಂದೇ ಬಣ್ಣದಲ್ಲಿರಬೇಕು ಎಂಬ ನಿಯಮ ತಂದಿತು. ಯಾವ ಬಣ್ಣ ನೋಡಿದರೆ ಸೇದುವ ಮನಸ್ಸು ಕಡಿಮೆಯಾಗುತ್ತದೆ ಎಂದು ಸುಮಾರು ಒಂದು ಸಾವಿರ ಧೂಮಪಾನಿಗಳನ್ನು ಕೇಳಿ ನೋಡಿದರು. ಆಯ್ಕೆಯಾದದ್ದು ಪ್ಯಾಂಟೋನ್ 448 ಸಿ, ಅಂದರೆ ಪ್ಯಾಂಟೋನ್ ಕಂಪನಿ ಬಣ್ಣಗಳಿಗೆ ಕೊಡುವ ಸಂಖ್ಯೆಗಳಲ್ಲಿ ಒಂದು. ಹಸಿರೂ ಅಲ್ಲದ, ಕಂದೂ ಅಲ್ಲದ ಬಣ್ಣ. ಮೊದಲು ಅದನ್ನು 'ಆಲಿವ್ ಹಸಿರು' ಎಂದು ಕರೆದರು. ಆಲಿವ್ ಬೆಳೆಗಾರರ ಸಂಘ ಬೇಸರ ಮಾಡಿಕೊಂಡಿತು, ನಮ್ಮ ಬೆಳೆಯ ಹೆಸರು ಕೆಡಿಸಬೇಡಿ ಎಂದಿತು. ಆಮೇಲೆ 'ಮಂಕು ಗಾಢ ಕಂದು' ಎಂದು ಬದಲಾಯಿತು. ಬಣ್ಣ ಅದೇ. ಆದರೂ ಹೆಸರಿಗಾಗಿ ಒಂದು ಇಡೀ ಉದ್ಯಮ ಎದ್ದು ನಿಂತಿತು. ನನಗೆ ಬೆಳೆಗಾರರ ಕಡೆಗೇ ಒಲವು.

ಹಳೇರೇಡಿಯೋ

ನಾನು ಸಾಮಾನುಗಳ ಕಡೆಯವನು. ಬಣ್ಣದ ಚರ್ಚೆಗೆ ವಸ್ತುವಿನ ಕಡೆಯಿಂದ ಬರುತ್ತೇನೆ.

ಹಳೇ ರೇಡಿಯೋ, ಟೆಲಿಫೋನುಗಳು ಯಾಕೆ ಕಪ್ಪು ಅಥವಾ ಕಡು ಕಂದು? ಆಗಿನವರಿಗೆ ಆ ಬಣ್ಣ ಇಷ್ಟ ಎಂದಲ್ಲ. ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ಕಂಡುಹಿಡಿದ ಬೇಕಲೈಟ್ ಎಂಬ ಪ್ಲಾಸ್ಟಿಕ್ ಹುಟ್ಟಿನಿಂದಲೇ ಕಡು ಬಣ್ಣದ್ದು. ಗಟ್ಟಿತನಕ್ಕಾಗಿ ಮರದ ಪುಡಿ ಬೆರೆಸುತ್ತಿದ್ದರು. ಅದಕ್ಕೆ ತಿಳಿ ಬಣ್ಣ ಹತ್ತುವುದಿಲ್ಲ. ಆಮೇಲೆ ಅಚ್ಚಿಗೆ ಸುರಿದು ಮಾಡುವ ಕ್ಯಾಟಲಿನ್ ಬಂತು. ಕೆಂಪು, ಹಳದಿ, ಹಸಿರು, ಅಮೃತಶಿಲೆಯಂಥ ಗೆರೆಗಳು, ಎಲ್ಲ ಸಾಧ್ಯವಾಯಿತು. ಆದರೆ ಅದು ವಯಸ್ಸಾದ ಹಾಗೆ ಬಣ್ಣ ಬದಲಿಸುತ್ತದೆ. ಬಿಳಿ ಇದ್ದದ್ದು ಬೆಣ್ಣೆಯಾಗುತ್ತದೆ, ನೀಲಿ ಇದ್ದದ್ದು ಹಸಿರಾಗುತ್ತದೆ. ಇವತ್ತು ನಾವು 'ಆ ಕಾಲದ ಹಳದಿ' ಎಂದು ಮೆಚ್ಚುವ ಎಷ್ಟೋ ರೇಡಿಯೋಗಳು ಅಂಗಡಿಯಲ್ಲಿದ್ದಾಗ ಬಿಳಿಯಾಗಿದ್ದವು. ಹಳೇ ಡಿಸೈನ್ ಬಗ್ಗೆ ತೀರ್ಪು ಕೊಡುವ ಮುಂಚೆ ಇದನ್ನು ನೆನಪಿಡಬೇಕು.

ಕಂಪ್ಯೂಟರಿಗೂ ಹೀಗೇ ಆಗಿದೆ. 1984ರ ಮ್ಯಾಕಿಂಟಾಷ್‌ಗೆ ವಿನ್ಯಾಸಕಾರ ಜೆರ್ರಿ ಮ್ಯಾನಕ್ ಆರಿಸಿದ್ದು ಪ್ಯಾಂಟೋನ್ 453, ಮಣ್ಣು ಬೆರೆತಂಥ ಮೆತ್ತನೆಯ ಬಣ್ಣ. ಆ ಕಾಲದ ಪ್ಲಾಸ್ಟಿಕ್ಕಿಗೆ ಬೆಂಕಿ ಹತ್ತದಿರಲೆಂದು ಬ್ರೋಮಿನ್ ಸಂಯುಕ್ತ ಬೆರೆಸುತ್ತಿದ್ದರು. ಬಿಸಿಲು ತಾಗಿ ಅದು ಹಳದಿ ತಿರುಗುತ್ತದೆ. ಆಮೇಲೆ ಎಲ್ಲರೂ 'ಕೊಳಕು ಕಂಪ್ಯೂಟರ್' ಎಂದರು. ಆರಿಸಿದವನ ಕಣ್ಣು ಚೆನ್ನಾಗಿಯೇ ಇತ್ತು.

ವಿಚಿತ್ರ ಸಾಮಾನುಗಳಲ್ಲಿ ನನ್ನ ಮೆಚ್ಚಿನದು ಚಹಾ ಮಾಡುವ ಅಲಾರಂ. 1902ರಲ್ಲಿ ಬರ್ಮಿಂಗ್‌ಹ್ಯಾಂನ ಫ್ರ್ಯಾಂಕ್ ಕ್ಲಾರ್ಕ್ ಎಂಬ ಬಂದೂಕು ತಯಾರಕ ಇದಕ್ಕೆ ಪೇಟೆಂಟ್ ಪಡೆದ. ಗಂಟೆಯಾದ ಕೂಡಲೇ ಯಂತ್ರವೇ ಬೆಂಕಿಕಡ್ಡಿ ಗೀರುತ್ತದೆ. ಸ್ಪಿರಿಟ್ ಒಲೆ ಹತ್ತುತ್ತದೆ. ನೀರು ಕುದಿಯುತ್ತದೆ. ಕುದಿಯುವ ನೀರು ಪಾತ್ರೆ ವಾಲಿ ತಾನಾಗಿ ಸುರಿಯುತ್ತದೆ. ಆಮೇಲೆ ಗಂಟೆ ಬಾರಿಸುತ್ತದೆ. ಮಲಗಿದವನ ತಲೆದೆಸೆಯಲ್ಲಿ ಬೆಂಕಿ! 1930ರ ದಶಕದಲ್ಲಿ ವಿದ್ಯುತ್ತಿನ 'ಟೀಸ್‌ಮೇಡ್' ಬಂದ ಮೇಲೆ ಇದು ಬ್ರಿಟನ್ನಿನ ಮನೆಗಳಲ್ಲಿ ನಿಜವಾಗಿ ಉಳಿಯಿತು. ಎರಡು ದೀಪ, ನಡುವೆ ಗಡಿಯಾರ, ಹಿಂದೆ ಕೆಟಲ್. ನೋಡಲು ಬೃಹತ್ತಾದ, ಅಡ್ಡಾದಿಡ್ಡಿ ವಸ್ತು. ಆದರೂ ಅದರ ಹಿಂದಿನ ಆಸೆ ನನಗೆ ತುಂಬಾ ಹಿಡಿಸುತ್ತದೆ.

ಬೀರುಬಾಗಿಲು

@ಹಳೇರೇಡಿಯೋ ಸರ್, ಅಡುಗೆಮನೆಯ ಕಂಪ್ಯೂಟರ್ ಬಿಟ್ಟುಬಿಟ್ಟಿರಿ! 1969ರಲ್ಲಿ ನೀಮನ್ ಮಾರ್ಕಸ್ ಎಂಬ ಅಮೆರಿಕದ ದೊಡ್ಡ ಅಂಗಡಿಯ ಕ್ಯಾಟಲಾಗಿನಲ್ಲಿ ಹನಿವೆಲ್ ಕಂಪನಿಯ ಯಂತ್ರ ಬಂದಿತ್ತು. ಬೆಲೆ 10,600 ಡಾಲರ್. ಅಡುಗೆ ವಿಧಾನ ಇಟ್ಟುಕೊಳ್ಳಲು, ಊಟದ ಪಟ್ಟಿ ಮಾಡಲು. ಒಂದು ಬದಿಗೆ ತರಕಾರಿ ಹೆಚ್ಚುವ ಹಲಗೆಯೂ ಇತ್ತು. ಆದರೆ ಕೀಬೋರ್ಡ್ ಇಲ್ಲ, ಪರದೆ ಇಲ್ಲ. ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಸೊನ್ನೆ ಒಂದುಗಳಲ್ಲಿ ಮಾತಾಡಬೇಕು. ಉತ್ತರ ಮಿನುಗುವ ದೀಪಗಳಲ್ಲಿ ಬರುತ್ತದೆ. ಅದಕ್ಕಾಗಿ ಎರಡು ವಾರದ ತರಬೇತಿ. ಒಂದಾದರೂ ಮಾರಾಟವಾಯಿತು ಎಂಬುದಕ್ಕೆ ದಾಖಲೆ ಇಲ್ಲ. ಆಕಾರ ಮಾತ್ರ ಈಗಲೂ ಚೆಲುವು, ಕೆಂಪು ಬಿಳಿ ಬಣ್ಣ, ಬಾಗಿದ ಕಾಲು.

ಅದೇ ಕಾಲದ ಅಮೆರಿಕದಲ್ಲಿ ಫ್ರಿಜ್ಜು, ಒಲೆ ಎಲ್ಲವೂ ಆವಕಾಡೊ ಹಸಿರು ಮತ್ತು 'ಹಾರ್ವೆಸ್ಟ್ ಗೋಲ್ಡ್', ಅಂದರೆ ಸುಗ್ಗಿಯ ಹೊನ್ನು. ಬ್ರಿಟನ್ನಿನಲ್ಲಿ ಸ್ನಾನದ ತೊಟ್ಟಿಯಿಂದ ಕಮೋಡಿನವರೆಗೆ ಆವಕಾಡೊ. ಹತ್ತು ಹದಿನೈದು ವರ್ಷ ಎಲ್ಲರಿಗೂ ಬೇಕಿತ್ತು, ಆಮೇಲೆ ಎಲ್ಲರೂ ಕಿತ್ತೆಸೆದರು. ನನಗೆ ಆ ಹಸಿರು ಇಷ್ಟ. ಮರದ ಬೀರುಗಳ ಪಕ್ಕದಲ್ಲಿ ಅದು ಕೂರುವಷ್ಟು ಚೆನ್ನಾಗಿ ಬಿಳಿ ಕೂರುವುದಿಲ್ಲ.

ಅಂದಹಾಗೆ, ಬಣ್ಣ ತಪ್ಪಿದರೆ ವಸ್ತು ಹೇಗೆ ಸೋಲುತ್ತದೆ ಎಂದು ನೋಡಬೇಕಾದರೆ 2000ದಲ್ಲಿ ಹೈಂಜ್ ತಂದ ಹಸಿರು ಕೆಚಪ್ ನೋಡಿ. ಆಮೇಲೆ ನೇರಳೆ ಕೂಡ ಬಂತು. ಮಕ್ಕಳು ಮೊದಮೊದಲು ಮುಗಿಬಿದ್ದರು. 2006ಕ್ಕೆ ಎಲ್ಲ ನಿಂತಿತು.

ಸುಮ್ನೆಓದುಗ

ಹಳೇ ಸಾಮಾನು ಎಲ್ಲವೂ ಮುದ್ದು ಎನ್ನುವ ಹಾಗಿದೆ. ಅಪಾಯದವೂ ಇದ್ದವಲ್ಲ?

ಹಳೇರೇಡಿಯೋ

ಖಂಡಿತ ಇದ್ದವು. ಚಪ್ಪಲಿ ಅಂಗಡಿಯ ಎಕ್ಸ್‌ರೇ ಪೆಟ್ಟಿಗೆಯೇ ಸಾಕು. 1920ರ ದಶಕದಿಂದ ಅಮೆರಿಕ, ಯೂರೋಪುಗಳಲ್ಲಿ ಇತ್ತು. ಚೆಂದದ ಮರದ ಪೆಟ್ಟಿಗೆ, ಕೆಳಗೆ ಕಾಲಿಡುವ ಕಂಡಿ, ಮೇಲೆ ಮೂರು ನೋಡುವ ಕಿಂಡಿ. ಮಗುವಿಗೆ ಒಂದು, ತಾಯಿಗೆ ಒಂದು, ಅಂಗಡಿಯವನಿಗೆ ಒಂದು. ಶೂ ಒಳಗೆ ಕಾಲಿನ ಎಲುಬು ಹಸಿರಾಗಿ ಹೊಳೆಯುವುದು ಕಾಣುತ್ತಿತ್ತು. ಮಕ್ಕಳಿಗೆ ಅದು ಆಟ. ದಿನವಿಡೀ ಪಕ್ಕದಲ್ಲಿ ನಿಲ್ಲುವ ಕೆಲಸಗಾರನಿಗೆ ವಿಕಿರಣ. ಪೆನ್ಸಿಲ್ವೇನಿಯಾ 1957ರಲ್ಲಿ ಅದನ್ನು ನಿಷೇಧಿಸಿತು. ಶೂ ಅಳತೆಗೆ ಅದು ಬೇಕೇ ಇರಲಿಲ್ಲ ಎಂಬುದು ನನಗೆ ಈಗಲೂ ಸಿಟ್ಟು ತರಿಸುತ್ತದೆ. ಹೆಬ್ಬೆರಳಿನಿಂದ ಒತ್ತಿ ನೋಡಿದ್ದರೆ ಸಾಕಿತ್ತು.

ದಾರದುಂಡೆ

ಕುಂಚ ಅವರ ಮಾತಿಗೆ ಜಪಾನಿನಿಂದ ಒಂದು ಬೆಂಬಲ.

ಎಡೋ ಕಾಲದಲ್ಲಿ, ಅಂದರೆ 1603ರಿಂದ 1868ರ ನಡುವೆ, ಸಾಮಾನ್ಯ ಜನ ಆಡಂಬರದ ಬಟ್ಟೆ ಹಾಕಬಾರದು ಎಂದು ಸರ್ಕಾರ ಮತ್ತೆ ಮತ್ತೆ ಆಜ್ಞೆ ಹೊರಡಿಸಿತು. ವ್ಯಾಪಾರಿಗಳ ಹತ್ತಿರ ಹಣ ಇತ್ತು, ಹೊಳೆಯುವ ಬಣ್ಣ ಹಾಕುವ ಹಾಗಿರಲಿಲ್ಲ. ಉಳಿದದ್ದು ಕಂದು, ಬೂದು, ನೀಲಿ. ಅವರು ಅದರೊಳಗೇ ಹುಡುಕಿದರು. ಒಂದು ಬೂದಿಗೂ ಇನ್ನೊಂದು ಬೂದಿಗೂ ಇರುವ ಕೂದಲೆಳೆಯ ವ್ಯತ್ಯಾಸಕ್ಕೆ ಹೆಸರಿಟ್ಟರು. 'ನಲವತ್ತೆಂಟು ಚಹಾ, ನೂರು ಇಲಿ' ಎಂಬ ಮಾತೇ ಇದೆ. ಚಹಾ ಎಂದರೆ ಕಂದು, ಇಲಿ ಎಂದರೆ ಬೂದು. ದ್ರಾಕ್ಷಿ ಇಲಿ ಎಂದರೆ ನೇರಳೆ ಸುಳಿಯುವ ಬೂದು. ಚಹಾ ಗುರು ರಿಕ್ಯೂ ಹೆಸರಿನ ಇಲಿ ಹಸಿರು ಸುಳಿಯುವ ಬೂದು.

ಅಲ್ಲಿ ಇಲಿ ಎಂದರೆ ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ಅದು ನಾಜೂಕಿನ ಗುರುತಾಯಿತು. ಅದೇ ಇಲಿ ಬಣ್ಣವನ್ನು ದೋಬಿನ್ಯೆ ತನ್ನ ಪಟ್ಟಿಯಲ್ಲಿ ಅಣಕಕ್ಕೆ ಹಾಕಿದ್ದಾನೆ. ಪ್ರಾಣಿ ಒಂದೇ, ಬಣ್ಣ ಒಂದೇ.

ಬೀರುಬಾಗಿಲು

ಬಣ್ಣದ ಹೆಸರಿಗಾಗಿ ಜನ ಬೀದಿಗಿಳಿದದ್ದೂ ಇದೆ. ಕ್ರೆಯೋಲಾ ಕಂಪನಿ 1990ರಲ್ಲಿ ಎಂಟು ಹಳೇ ಬಣ್ಣದ ಕಡ್ಡಿಗಳನ್ನು ನಿಲ್ಲಿಸಿತು. ಅದರಲ್ಲಿ 'ರಾ ಅಂಬರ್', ಮಂಕು ಮಣ್ಣಿನ ಕಂದು, ಒಂದು. ಅದನ್ನು ಉಳಿಸಲೆಂದೇ ಜನ ಸಂಘ ಕಟ್ಟಿದರು. ಕಂಪನಿ 1991ರಲ್ಲಿ ನೆನಪಿನ ಡಬ್ಬಿಯಲ್ಲಿ ಎಂಟನ್ನೂ ಮತ್ತೆ ಕೊಟ್ಟಿತು. ಮಕ್ಕಳ ಪೆಟ್ಟಿಗೆಯಲ್ಲಿ ಅತಿ ಮಂಕಾದ ಕಡ್ಡಿಗೂ ಅಭಿಮಾನಿಗಳಿದ್ದಾರೆ ಎಂಬುದು ಎಷ್ಟು ಖುಷಿಯ ವಿಷಯ.

ಆದರೆ ಹೋಗಲೇಬೇಕಿದ್ದ ಹೆಸರುಗಳೂ ಇವೆ. ಅದೇ ಕಂಪನಿ ತಿಳಿ ಗುಲಾಬಿ ಮಿಶ್ರಿತ ಬಣ್ಣವೊಂದಕ್ಕೆ 'ಮೈಬಣ್ಣ' ಎಂಬ ಅರ್ಥದ ಹೆಸರಿಟ್ಟಿತ್ತು. ಯಾರ ಮೈ? 1962ರಲ್ಲಿ ಅದು 'ಪೀಚ್' ಆಯಿತು. ಒಳ್ಳೆಯದೇ ಆಯಿತು.

ಹಕ್ಕಿನೋಟ

ಬೀರುಬಾಗಿಲು ಅವರ ಕೊನೆಯ ಮಾತು ಈ ಚರ್ಚೆಯ ನಡುವಿನಲ್ಲೇ ಇರಬೇಕಾದದ್ದು. ಎಲ್ಲರೂ ಕಂಡ ವಸ್ತು ಎಂದೆವಲ್ಲ, ಆ 'ಎಲ್ಲರೂ' ಯಾರು ಎಂದು ಕೇಳಲೇಬೇಕು. ಪ್ಯಾಟ್ರಿಕ್ ಸೈಮ್ ಪುಸ್ತಕದ ಉದಾಹರಣೆಗಳೂ ಯೂರೋಪಿನ ಹಕ್ಕಿ, ಯೂರೋಪಿನ ಹೂವು. ಅವನ್ನು ಕಾಣದವರಿಗೆ ಪಕ್ಕದ ಬಣ್ಣದ ಚೌಕವೇ ಆಸರೆ. ಹೆಸರು ಮತ್ತು ಮಾದರಿ ಎರಡೂ ಒಟ್ಟಿಗೆ ಇರಬೇಕು ಎಂದು ನಾನು ಹಟ ಮಾಡುವುದು ಅದಕ್ಕೇ.

ಬಣ್ಣದಪೆಟ್ಟಿಗೆ

ಒಪ್ಪಿದೆ. ಇದರ ಜೊತೆಗೆ ಇದನ್ನೂ ನೋಡಿ. ಎಕ್ಸ್‌ಕೆಸಿಡಿ ಎಂಬ ಇಂಟರ್ನೆಟ್ ಕಾಮಿಕ್ಸ್ ಬರೆಯುವ ರ‍್ಯಾಂಡಲ್ ಮನ್ರೋ 2010ರಲ್ಲಿ ಒಂದು ಸಮೀಕ್ಷೆ ಮಾಡಿದ. ಪರದೆಯ ಮೇಲೆ ಬಣ್ಣ ಬರುತ್ತದೆ, ನೋಡಿದವರು ತಮಗೆ ತೋಚಿದ ಹೆಸರು ಬರೆಯಬೇಕು. ಎರಡು ಲಕ್ಷಕ್ಕೂ ಹೆಚ್ಚು ಸಲ ಜನ ಕೂತು ಬರೆದರು. ಅದರಿಂದ ಹೆಚ್ಚು ಬಳಕೆಯಾದ 954 ಹೆಸರುಗಳ ಪಟ್ಟಿ ಬಂತು. ಅದರಲ್ಲಿ ಸಿಂಬಳ ಇದೆ, ವಾಂತಿ ಇದೆ, ವಾಂತಿ ಹಸಿರು ಬೇರೆ ಇದೆ. ಮಗುವಿನ ಕಕ್ಕ ಇದೆ, ಮಗುವಿನ ಕಕ್ಕದ ಹಸಿರೂ ಇದೆ.

ಯಾರೂ ಒಬ್ಬರನ್ನೊಬ್ಬರು ಕೇಳಲಿಲ್ಲ. ಯಾವ ಅಂಗಡಿಯವನೂ ಹೇಳಿಕೊಡಲಿಲ್ಲ. ಒಬ್ಬೊಬ್ಬರೇ ಕೂತು ಬರೆದಾಗ 1781ರ ಪ್ಯಾರಿಸಿನವರು ಬಳಸಿದ ಹೆಸರಿಗೇ ಬಂದು ಮುಟ್ಟಿದರು. ಹೆಸರಿಡುವ ಕೆಲಸವನ್ನು ಮಾರುವವರ ಕೈಯಿಂದ ನೋಡುವವರ ಕೈಗೆ ಕೊಟ್ಟರೆ ಆಗುವುದು ಇದು. ಪ್ರೋಗ್ರಾಂ ಬರೆಯುವವರಿಗೆ ಗೊತ್ತಿರಬಹುದು, ನಕ್ಷೆ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಸಾಫ್ಟ್‌ವೇರಿನಲ್ಲಿ ಈ ಹೆಸರುಗಳ ಮುಂದೆ 'xkcd:' ಎಂದು ಸೇರಿಸಿ ಟೈಪ್ ಮಾಡಿದರೆ ಬಳಸಬಹುದು.

ಸುಮ್ನೆಓದುಗ

@ಹಳೇರೇಡಿಯೋ ಬಿಳಿ ಕ್ಯಾಟಲಿನ್ ಬೆಣ್ಣೆ ಬಣ್ಣಕ್ಕೆ ತಿರುಗುತ್ತದೆ ಎಂದಿರಿ. ಅದನ್ನು ಮತ್ತೆ ಬಿಳಿ ಮಾಡಬಹುದೇ? ಕಂಪ್ಯೂಟರಿನ ಪ್ಲಾಸ್ಟಿಕ್ಕಿಗೆ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಡುತ್ತಾರಲ್ಲ, ಅದೇ ವಿಧಾನ ನಡೆಯುತ್ತದೆಯೇ?

ಹಳೇರೇಡಿಯೋ

ಬೇಡ, ಕ್ಯಾಟಲಿನ್‌ಗೆ ಆ ವಿಧಾನ ಹಾಕಬೇಡಿ. ಅದು ಬೇರೆಯೇ ವಸ್ತು. ಕ್ಯಾಟಲಿನ್‌ನಲ್ಲಿ ಬಣ್ಣ ತಿರುಗುವುದು ಮೇಲ್ಪದರ ಮಾತ್ರ. ನಯವಾದ ಪಾಲಿಷ್‌ನಿಂದ ತಾಳ್ಮೆಯಾಗಿ ಉಜ್ಜಿದರೆ ಆ ಪದರ ಹೋಗಿ ಒಳಗಿನ ಬಣ್ಣ ಬರುತ್ತದೆ. ಆದರೆ ಅದೂ ಕಾಲ ಕಳೆದಂತೆ ಮತ್ತೆ ತಿರುಗುತ್ತದೆ. ಪ್ರತಿ ಸಲ ಉಜ್ಜಿದಾಗಲೂ ವಸ್ತು ಸ್ವಲ್ಪ ತೆಳುವಾಗುತ್ತದೆ, ಅಂಚುಗಳು ಮೊಂಡಾಗುತ್ತವೆ.

ನಾನಾದರೆ ಹಿಂಬದಿಯಲ್ಲಿ, ಕಾಣದ ಕಡೆ, ನಾಣ್ಯದಷ್ಟು ಜಾಗ ಮಾತ್ರ ಉಜ್ಜಿ ಮೂಲ ಬಣ್ಣ ನೋಡಿಕೊಳ್ಳುತ್ತೇನೆ. ಉಳಿದದ್ದನ್ನು ಹಾಗೇ ಬಿಡುತ್ತೇನೆ. ನಿಮ್ಮ ಹತ್ತಿರ ಇರುವುದರ ಫೋಟೋ ಹಾಕಿ, ಬಿಸಿಲು ಬೀಳದ ಕಡೆಯಿಂದ ತೆಗೆದದ್ದು. ಕ್ಯಾಟಲಿನ್ ಹೌದೋ ಅಲ್ಲವೋ ಮೊದಲು ನೋಡೋಣ.